ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ: 12345654321ರ ಲಕ್ಷಣಗಳು

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರದ ಅಭ್ಯಾಸಕ್ಕೆಂದು ಕೊಟ್ಟ ಲೆಕ್ಕಗಳ ಒಂದು ಸೊಗಸಾದ ಗುಂಪಿದೆ. 139ನ್ನು 109ರಿಂದ ಗುಣಿಸಿದರೆ 15151 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು ಮೂಡುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸುತ್ತಾರೆ. ಹಾರದ ಎರಡು ಎಳೆಗಳೂ ಪದಕದ ಇಕ್ಕೆಲದಲ್ಲಿ ಸಮನಾಗಿ ಇಳಿಬೀಳುವಂತೆ ಇಲ್ಲಿಯ ಅಂಕಿಗಳೂ ನಡುವಿನ ಇಬ್ಬದಿಗಳಲ್ಲಿ ಸಮನಾಗಿ ಹರಡಿಕೊಂಡಿರುತ್ತವೆ. ಆ ಹಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 27994681ನ್ನು 441ರಿಂದ ಗುಣಿಸಿದಾಗ ದೊರೆಯುವ ಸಂಖ್ಯೆ: 12345654321. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ದೊಡ್ಡ ಪೂರ್ಣಾಂಕವೊಂದನ್ನು ಗಣಿತಜ್ಞರು ಹೇಗೆ ಪರೀಕ್ಷಿಸುತ್ತಾರೆ, ಯಾವ ಯಾವ ವರ್ಗಗಳಿಗೆ ಸೇರಿಸುತ್ತಾರೆ, ಯಾವುದಕ್ಕೆ ಸೇರಿಸುವುದಿಲ್ಲ ಎಂಬುದನ್ನು ತಿಳಿಯಲು ಈ ಒಂದೇ ಸಂಖ್ಯೆ ಸಾಕು. ಇದರಲ್ಲಿ ಕಣ್ಣಿಗೆ ಕೂಡಲೇ ಕಾಣುವ ಗುಣಗಳೂ ಇವೆ, ಅಪವರ್ತಿಸಿ ನೋಡದ ಹೊರತು ಕಾಣದ ಗುಣಗಳೂ ಇವೆ. ಇವೆರಡರ ನಡುವಿನ ನಂಟೇ ಈ ಲೇಖನದ ವಿಷಯ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ‘ವಿಕಟಕವಿ’ ಎಂಬ ಪದದಂತೆ ಈ ಸಂಖ್ಯೆಯೂ ಹಿಂದುಮುಂದಾಗಿ ಓದಿದರೆ ಬದಲಾಗದು. ಕಾವ್ಯದಲ್ಲಿ ಇಂಥ ರಚನೆಗೆ ಗತಪ್ರತ್ಯಾಗತ ಎಂಬ ಹೆಸರಿದೆ. ಸಂಖ್ಯೆಗೂ ಅದೇ ಹೆಸರನ್ನು ಬಳಸಬಹುದು. ಇದರ ಜೊತೆಗೆ ಈ ಸಂಖ್ಯೆ ಪೂರ್ಣ ವರ್ಗವೂ ಹೌದು: ಆರು ಒಂದುಗಳ ಸಂಖ್ಯೆಯಾದ 111111ನ್ನು ಅದರಿಂದಲೇ ಗುಣಿಸಿದರೆ 12345654321 ಬರುತ್ತದೆ. ಶಾಲೆಯಲ್ಲಿ ಕಲಿತ ರೀತಿಯಲ್ಲೇ ಹಾಳೆಯ ಮೇಲೆ ಈ ಗುಣಾಕಾರವನ್ನು ಮಾಡಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. 111111 ಎಂದು ಒಂದು ಸಾಲು ಬರೆದು, ಅದರ ಕೆಳಗೆ ಒಂದು ಸ್ಥಾನ ಎಡಕ್ಕೆ ಸರಿಸಿ ಮತ್ತೆ 111111, ಹೀಗೆ ಆರು ಸಾಲುಗಳನ್ನು ಮೆಟ್ಟಿಲಿನಂತೆ ಬರೆಯಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು 1 ಇರುತ್ತದೆ, ಅದರ ಪಕ್ಕದ ಕಂಬದಲ್ಲಿ ಎರಡು, ಆಮೇಲೆ ಮೂರು. ನಡುವಿನ ಕಂಬದಲ್ಲಿ ಮಾತ್ರ ಆರೂ ಸಾಲುಗಳ ಒಂದುಗಳು ಒಟ್ಟಿಗೆ ಸೇರುತ್ತವೆ, ಅಲ್ಲಿಂದ ಎಡಕ್ಕೆ ಹೋದಂತೆ ಒಂದೊಂದೇ ಕಡಿಮೆಯಾಗುತ್ತವೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ಮುಂದಿನ ಸ್ಥಾನಕ್ಕೆ ದಶಕವನ್ನು ಒಯ್ಯುವ ಪ್ರಸಂಗವೇ ಬರುವುದಿಲ್ಲ, ಮೆಟ್ಟಿಲಿನ ಆಕಾರ ಕೆಡದೆ ಉತ್ತರದಲ್ಲಿ ಹಾಗೆಯೇ ಉಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದ ಮೊತ್ತ ಹತ್ತಾಗಿ ದಶಕ ಏರುತ್ತದೆ, ವರ್ಗವು 1234567900987654321 ಆಗಿ ಹಾರ ಹರಿಯುತ್ತದೆ.

ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ 36 ಬರುತ್ತದೆ, ಅದು 6ರ ವರ್ಗ. ಇದು ಕಾಕತಾಳೀಯವಲ್ಲ. ಆರು ಸಾಲು, ಸಾಲಿಗೆ ಆರು ಒಂದುಗಳು, ಒಟ್ಟು ಮೂವತ್ತಾರು ಒಂದುಗಳು. ದಶಕ ಏರದಿದ್ದಾಗ ಅವುಗಳಲ್ಲಿ ಒಂದೂ ಕಳೆದುಹೋಗುವುದಿಲ್ಲ.

ಆದರೆ ಈ ಗುಣಗಳಲ್ಲಿ ಯಾವುದು ಸಂಖ್ಯೆಗೆ ಸೇರಿದ್ದು, ಯಾವುದು ನಾವು ಅದನ್ನು ಬರೆಯುವ ಪದ್ಧತಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಇಲ್ಲಿಯೇ ಕೇಳಿಕೊಳ್ಳಬೇಕು. ಹತ್ತನ್ನು ಆಧಾರವಾಗಿಟ್ಟುಕೊಂಡು ಬರೆಯುವುದು ನಮ್ಮ ರೂಢಿ. ಹತ್ತರ ಬದಲು ಸಾವಿರವನ್ನು ಆಧಾರವಾಗಿಟ್ಟರೆ ಇದೇ ಸಂಖ್ಯೆಯ ‘ಅಂಕಿಗಳು’ 12, 345, 654, 321 ಆಗುತ್ತವೆ, ಆಗ ಗತಪ್ರತ್ಯಾಗತ ಗುಣ ಉಳಿಯುವುದಿಲ್ಲ. ಅಂಕಿಗಳ ಮೊತ್ತವೂ ಹಾಗೆಯೇ ಬದಲಾಗುತ್ತದೆ. ಪೂರ್ಣ ವರ್ಗವಾಗಿರುವ ಗುಣ ಮಾತ್ರ ಬದಲಾಗದು. ಸಂಖ್ಯೆಯನ್ನು ಹೇಗೆ ಬರೆದರೂ, ಬರೆಯದೆ ಅಷ್ಟು ಕಾಳುಗಳನ್ನು ನೆಲದ ಮೇಲೆ ಹರಡಿದರೂ, ಅವುಗಳನ್ನು ಸಾಲಿಗೆ 111111ರಂತೆ 111111 ಸಾಲುಗಳ ಚೌಕವಾಗಿ ಜೋಡಿಸಬಹುದು. ಇನ್ನೊಂದು ಕಡೆಯಿಂದ ನೋಡಿದರೆ, 12345654321 ಎಂಬ ಬರಹಕ್ಕೇ ಒಂದು ಸ್ವತಂತ್ರ ಗುಣವಿದೆ. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲಿ ಈ ಬರಹವನ್ನು ಓದಿದರೂ ಅದು ಪೂರ್ಣ ವರ್ಗವೇ ಆಗಿರುತ್ತದೆ, ಏಕೆಂದರೆ ಮೆಟ್ಟಿಲಿನ ಲೆಕ್ಕ ಆಧಾರ ಯಾವುದೆಂದು ಕೇಳುವುದಿಲ್ಲ. ಆಧಾರ ಏಳಾದಾಗ 111111 ಎಂದರೆ ನಮ್ಮ 19608. ಅದರ ವರ್ಗ 384473664, ಅದನ್ನು ಏಳರ ಆಧಾರದಲ್ಲಿ ಬರೆದರೆ ಮತ್ತೆ 12345654321 ಎಂದೇ ಆಗುತ್ತದೆ.

ಇನ್ನು ಒಳಗನ್ನು ನೋಡಬೇಕಾದರೆ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು. ಹನ್ನೊಂದು ಅಂಕಿಗಳ ಸಂಖ್ಯೆಯನ್ನು ಒಡೆಯುವುದು ಸಾಮಾನ್ಯವಾಗಿ ಬೇಸರದ ಕೆಲಸ, ಆದರೆ ಇಲ್ಲಿ ವರ್ಗಮೂಲ ಕೈಯಲ್ಲಿರುವುದರಿಂದ ದಾರಿ ಸುಲಭವಾಗಿದೆ. 111111 ಎಂದರೆ 111000ಕ್ಕೆ 111 ಸೇರಿದ್ದು, ಅಂದರೆ 111ರ 1001 ಪಟ್ಟು. 111 ಎಂದರೆ 3 × 37. 1001 ಎಂದರೆ 7 × 11 × 13. ಹೀಗೆ 111111ರ ಅಪವರ್ತನಗಳು 3, 7, 11, 13, 37 ಎಂಬ ಐದು ಅವಿಭಾಜ್ಯಗಳು, ಮತ್ತು 12345654321ರಲ್ಲಿ ಇವು ಪ್ರತಿಯೊಂದೂ ಎರಡೆರಡು ಬಾರಿ ಬರುತ್ತವೆ.

ವರ್ಗಮೂಲದ ಸಹಾಯವಿಲ್ಲದೆಯೂ ಈ ಅಪವರ್ತನಗಳನ್ನು ಅಂಕಿಗಳಲ್ಲೇ ಹಿಡಿಯಬಹುದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಮಾಡಿ, ಒಂದು ಗುಂಪನ್ನು ಕೂಡಿಸುತ್ತ ಮುಂದಿನದನ್ನು ಕಳೆಯುತ್ತ ಹೋಗಬೇಕು: 321 − 654 + 345 − 12. ಉತ್ತರ ಸೊನ್ನೆ. ಸಾವಿರವು 1001ಕ್ಕಿಂತ ಒಂದು ಕಡಿಮೆಯಾದ್ದರಿಂದ, 1001ರಿಂದ ಭಾಗಿಸುವಾಗ ಪ್ರತಿ ಸಾವಿರವೂ ‘ಋಣ ಒಂದು’ ಎಂಬಂತೆ ವರ್ತಿಸುತ್ತದೆ. ಹೀಗಾಗಿ ಆ ಸೊನ್ನೆಯ ಅರ್ಥ ಸಂಖ್ಯೆಯು 1001ರಿಂದ, ಅಂದರೆ 7, 11, 13 ಮೂರರಿಂದಲೂ, ಶೇಷವಿಲ್ಲದೆ ಭಾಗವಾಗುತ್ತದೆ ಎಂದು. ಅದೇ ಗುಂಪುಗಳನ್ನು ಬರಿದೆ ಕೂಡಿದರೆ 1332 ಬರುತ್ತದೆ, ಅದು 36 × 37. ಸಾವಿರವು 999ಕ್ಕಿಂತ ಒಂದು ಹೆಚ್ಚು, 999 ಎಂದರೆ 27 × 37. ಆದ್ದರಿಂದ 37 ಮತ್ತು 9 ಕೂಡ ಈ ಸಂಖ್ಯೆಯನ್ನು ಭಾಗಿಸುತ್ತವೆ. ಏಳರ ಭಾಜ್ಯತೆಗೆ ಸುಲಭದ ಪರೀಕ್ಷೆಯಿಲ್ಲ ಎಂದುಕೊಂಡಿರುವವರು ಈ ಮೂರಂಕಿ ಗುಂಪಿನ ಉಪಾಯವನ್ನು ನೆನಪಿಟ್ಟುಕೊಂಡರೆ ಬಹಳ ಉಪಯೋಗವಾಗುತ್ತದೆ.

ಮಹಾವೀರಾಚಾರ್ಯರ ಗುಣಾಕಾರವನ್ನು ಈಗ ಮತ್ತೊಮ್ಮೆ ನೋಡಿದರೆ ಅದರ ಕಟ್ಟಡ ಬೇರೆಯಾಗಿಯೇ ಕಾಣುತ್ತದೆ. 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7ರ ಪಾಲು. 27994681 ಎಂದರೆ 5291ರ ವರ್ಗ, ಮತ್ತು 5291 ಎಂದರೆ 11 × 13 × 37. ಐದು ಅವಿಭಾಜ್ಯಗಳಲ್ಲಿ ಚಿಕ್ಕವೆರಡನ್ನು ಒಂದು ಕಡೆಗೂ ಉಳಿದ ಮೂರನ್ನು ಇನ್ನೊಂದು ಕಡೆಗೂ ಹಂಚಿ, ಎರಡೂ ಪಾಲುಗಳು ಪೂರ್ಣ ವರ್ಗಗಳಾಗುವಂತೆ ಈ ಲೆಕ್ಕವನ್ನು ಹೆಣೆಯಲಾಗಿದೆ. ಈ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಲು 122 ದಾರಿಗಳಿವೆ. ಅವುಗಳಲ್ಲಿ ಇಷ್ಟು ಅಚ್ಚುಕಟ್ಟಾದ ಹಂಚಿಕೆಯೊಂದು ಲೆಕ್ಕದಲ್ಲಿ ಬಂದಿರುವುದನ್ನು ಕಂಡಾಗ, ಅದನ್ನು ರಚಿಸಿದವರು ವರ್ಗಮೂಲದಿಂದಲೇ ಹೊರಟಿದ್ದರೆಂದು ನನಗೆ ಅನ್ನಿಸುತ್ತದೆ.

ಆ 122 ಎಲ್ಲಿಂದ ಬಂತು ಎಂಬುದನ್ನು ವಿವರಿಸಬೇಕು. ಸಂಖ್ಯೆಯ ಒಂದು ಭಾಜಕವನ್ನು ಕಟ್ಟುವಾಗ 3ನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು. ಉಳಿದ ನಾಲ್ಕು ಅವಿಭಾಜ್ಯಗಳಿಗೂ ಇದೇ ಮೂರು ಆಯ್ಕೆಗಳು. ಆದ್ದರಿಂದ ಒಟ್ಟು ಭಾಜಕಗಳು 3 × 3 × 3 × 3 × 3, ಅಂದರೆ 243. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಆದರೆ ವರ್ಗಸಂಖ್ಯೆಯಲ್ಲಿ ವರ್ಗಮೂಲವು ತನಗೆ ತಾನೇ ಜೋಡಿಯಾಗುವುದರಿಂದ ಒಟ್ಟು ಎಣಿಕೆ ಬೆಸವಾಗುತ್ತದೆ. 121 ಜೋಡಿಗಳು ಮತ್ತು ಒಂಟಿಯಾದ 111111 ಸೇರಿ ಆ 122 ದಾರಿಗಳು.

ಭಾಜಕಗಳನ್ನು ಎಣಿಸುವುದಕ್ಕಿಂತ ಕೂಡುವುದು ಇನ್ನೂ ಹೆಚ್ಚಿನದನ್ನು ತಿಳಿಸುತ್ತದೆ. ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿದಾಗ ಮೊತ್ತವು ಆ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ ಸಂಖ್ಯೆ, ಹೆಚ್ಚಾದರೆ ಸಮೃದ್ಧ ಸಂಖ್ಯೆ, ಕಡಿಮೆಯಾದರೆ ನ್ಯೂನ ಸಂಖ್ಯೆ. 6ಕ್ಕೆ 1, 2, 3 ಸೇರಿ 6 ಆಗುವುದರಿಂದ ಅದು ಪರಿಪೂರ್ಣ. 12ಕ್ಕೆ ಮೊತ್ತ 16, ಸಮೃದ್ಧ. 8ಕ್ಕೆ ಮೊತ್ತ 7, ನ್ಯೂನ. ಕ್ರಿ.ಶ. 100ರ ಸುಮಾರಿನ ಗ್ರೀಕ್ ಲೇಖಕ ನಿಕೊಮಾಕಸನ ಅಂಕಗಣಿತದ ಗ್ರಂಥದಲ್ಲಿ ಈ ಮೂರು ವರ್ಗಗಳ ವಿವರಣೆಯಿದೆ. ಸಮ ಸಂಖ್ಯೆಗೆ ತನ್ನ ಅರ್ಧವೇ ಒಂದು ಭಾಜಕವಾಗಿ ಸಿಗುವುದರಿಂದ ಸಮೃದ್ಧವಾಗುವುದು ಅದಕ್ಕೆ ಸುಲಭ. ಬೆಸ ಸಂಖ್ಯೆಗೆ ಆ ಅನುಕೂಲವಿಲ್ಲ; ತನ್ನನ್ನು ಬಿಟ್ಟರೆ ಅದರ ಅತಿ ದೊಡ್ಡ ಭಾಜಕ ಹೆಚ್ಚೆಂದರೆ ಮೂರನೆಯ ಒಂದು ಭಾಗ. ಸಾವಿರದೊಳಗೆ ಬೆಸ ಸಮೃದ್ಧ ಸಂಖ್ಯೆ ಇರುವುದು ಒಂದೇ ಒಂದು, 945. ಭಾಜಕಗಳಲ್ಲಿ 5 ಇರಬಾರದು ಎಂದರೆ 81081ರವರೆಗೆ ಏರಬೇಕು. 3 ಇರಬಾರದು ಎಂದರೆ 5391411025ರವರೆಗೆ, ಅಂದರೆ 539 ಕೋಟಿಯನ್ನು ದಾಟಿ ಹೋಗಬೇಕು.

ನಮ್ಮ ಸಂಖ್ಯೆ ಬೆಸ, ಅದರಲ್ಲಿ 5 ಇಲ್ಲ. ಅದು ಯಾವ ವರ್ಗಕ್ಕೆ ಸೇರುತ್ತದೆ? 243 ಭಾಜಕಗಳನ್ನು ಪಟ್ಟಿ ಮಾಡಿ ಕೂಡಬೇಕಾಗಿಲ್ಲ. ಪ್ರತಿ ಅವಿಭಾಜ್ಯಕ್ಕೂ ಒಂದು, ಅದು ಮತ್ತು ಅದರ ವರ್ಗ ಎಂಬ ಮೂರನ್ನು ಕೂಡಿ, ಬಂದ ಐದು ಮೊತ್ತಗಳನ್ನು ಪರಸ್ಪರ ಗುಣಿಸಿದರೆ ಎಲ್ಲ ಭಾಜಕಗಳ ಮೊತ್ತ ದೊರೆಯುತ್ತದೆ. 3ಕ್ಕೆ 1 + 3 + 9 = 13; ಹಾಗೆಯೇ 7ಕ್ಕೆ 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಈ ಐದರ ಗುಣಲಬ್ಧ 25375524993. ಇದರಿಂದ ಸಂಖ್ಯೆಯನ್ನೇ ಕಳೆದರೆ 13029870672 ಉಳಿಯುತ್ತದೆ, ಅದು 12345654321ಕ್ಕಿಂತ 684216351ರಷ್ಟು ಹೆಚ್ಚು. ಅಂದರೆ ಮಹಾವೀರಾಚಾರ್ಯರ ಈ ಹಾರವು ಬೆಸ ಸಮೃದ್ಧ ಸಂಖ್ಯೆಗಳ ಸಾಲಿಗೆ ಸೇರುತ್ತದೆ.

ಈ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಮುಗಿಸದೆ, 37ನ್ನು ಸೇರಿಸುವ ಮೊದಲು ಸ್ವಲ್ಪ ನಿಲ್ಲಬೇಕು. ಇಡೀ ವಿಷಯದ ಅತಿ ಸುಂದರವಾದ ಭಾಗ ಅಲ್ಲಿದೆ. 3, 7, 11, 13 ಈ ನಾಲ್ಕರ ಗುಣಲಬ್ಧ 3003, ಅದರ ವರ್ಗ 9018009. ಇದರ ಎಲ್ಲ ಭಾಜಕಗಳ ಮೊತ್ತ 13 × 57 × 133 × 183 = 18035199. ಪರಿಪೂರ್ಣವಾಗಲು ಬೇಕಾಗಿದ್ದದ್ದು ಸಂಖ್ಯೆಯ ಎರಡರಷ್ಟು, ಅಂದರೆ 18036018. ಒಂದು ಕೋಟಿ ಎಂಬತ್ತು ಲಕ್ಷದಲ್ಲಿ ಕೊರತೆ ಬರೀ 819! ಇನ್ನೂ ಅಚ್ಚರಿಯ ಸಂಗತಿಯೆಂದರೆ ಆ 819 ಎರಡೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುತ್ತದೆ: 18035199 ಎಂದರೆ 819 × 22021, 18036018 ಎಂದರೆ 819 × 22022.

ಈಗ 9018009ನ್ನು, ಅದರಲ್ಲಿ ಇಲ್ಲದ ಒಂದು ಹೊಸ ಅವಿಭಾಜ್ಯ ಸಂಖ್ಯೆಯಿಂದ ಗುಣಿಸಿದರೆ ಏನಾಗುತ್ತದೆ? ಭಾಜಕಗಳ ಮೊತ್ತವು ಆ ಅವಿಭಾಜ್ಯಕ್ಕೆ ಒಂದು ಕೂಡಿಸಿದಷ್ಟು ಪಟ್ಟು ಬೆಳೆಯುತ್ತದೆ, ಬೇಕಾದ ಮೊತ್ತವು ಆ ಅವಿಭಾಜ್ಯದಷ್ಟು ಪಟ್ಟು ಬೆಳೆಯುತ್ತದೆ. 819ನ್ನು ಎರಡೂ ಕಡೆ ಹೊಡೆದುಹಾಕಿ ಹೋಲಿಸಿದರೆ ಪ್ರಶ್ನೆ ತೀರ ಸರಳವಾಗುತ್ತದೆ: ಆ ಅವಿಭಾಜ್ಯವು 22021ಕ್ಕಿಂತ ಚಿಕ್ಕದಾದರೆ ಹೊಸ ಸಂಖ್ಯೆ ಸಮೃದ್ಧ, ದೊಡ್ಡದಾದರೆ ನ್ಯೂನ, ಸರಿಯಾಗಿ 22021 ಆದರೆ ಪರಿಪೂರ್ಣ. 37 ಬಹಳ ಚಿಕ್ಕದು, ಆದ್ದರಿಂದ ಅದನ್ನು ಒಮ್ಮೆ ಗುಣಿಸಿದೊಡನೆ ಸಂಖ್ಯೆ ಸಮೃದ್ಧವಾಗುತ್ತದೆ. ಸಮೃದ್ಧ ಸಂಖ್ಯೆಯ ಗುಣಕಗಳೆಲ್ಲವೂ ಸಮೃದ್ಧವೇ ಆಗಿರುವುದರಿಂದ ಎರಡನೆಯ 37 ಆ ಸ್ಥಿತಿಯನ್ನು ಬದಲಿಸುವುದಿಲ್ಲ.

ಹಾಗಾದರೆ 22021ರಿಂದಲೇ ಗುಣಿಸಿ ಬೆಸ ಪರಿಪೂರ್ಣ ಸಂಖ್ಯೆಯೊಂದನ್ನು ಪಡೆಯಬಾರದೇಕೆ? ಈ ಸಂಖ್ಯೆಯ ತನಕ ಬಂದು ನಿಂತವನು ಫ್ರಾನ್ಸಿನ ತತ್ತ್ವಜ್ಞಾನಿ, ಗಣಿತಜ್ಞ ರೆನೆ ಡೆಕಾರ್ಟ್. 1638ರಲ್ಲಿ ಗಣಿತಜ್ಞ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ಅವನು ಬೆಸ ಪರಿಪೂರ್ಣ ಸಂಖ್ಯೆಗಳು ಇರಬಾರದೆನ್ನಲು ಕಾರಣ ಕಾಣದೆಂದು ಹೇಳಿ, 22021 ಅವಿಭಾಜ್ಯವಾಗಿದ್ದರೆ 198585576189 ಅಂಥದೊಂದು ಸಂಖ್ಯೆಯಾಗುತ್ತಿತ್ತೆಂದು ತೋರಿಸಿದ. 9018009ನ್ನು 22021ರಿಂದ ಗುಣಿಸಿದರೆ ಬರುವುದು ಅದೇ ಸಂಖ್ಯೆ. ಇಂದಿಗೂ ಅದಕ್ಕೆ ಡೆಕಾರ್ಟ್ ಸಂಖ್ಯೆ ಎಂದೇ ಹೆಸರು. ಆದರೆ 22021 ಅವಿಭಾಜ್ಯವಲ್ಲ, ಅದು 19 × 19 × 61. ಮಳಖೇಡದಿಂದ ಆಳಿದ ದೊರೆಯ ಕಾಲದಲ್ಲಿ ಹೆಣೆದ ಹಾರದ ನಡುವೆಯೂ, ಸುಮಾರು ಎಂಟುನೂರು ವರ್ಷಗಳ ಅನಂತರ ಬರೆದ ಪತ್ರದ ನಡುವೆಯೂ ಕುಳಿತಿರುವುದು ಅದೇ 3003ರ ವರ್ಗ. ಒಬ್ಬರಿಂದ ಇನ್ನೊಬ್ಬರಿಗೆ ಏನೂ ತಲುಪಿರಲಾರದು. ಸಂಖ್ಯೆಗಳು ತಾವಾಗಿ ಹೀಗೆ ಒಂದೆಡೆ ಸೇರಿವೆ ಎಂಬುದನ್ನು ಮೊದಲ ಬಾರಿಗೆ ಲೆಕ್ಕ ಮಾಡಿ ನೋಡಿದಾಗ ನನಗಾದ ಸಂತೋಷ ಇನ್ನೂ ಮಾಸಿಲ್ಲ.

ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಇಂದಿಗೂ ಬಿಡಿಸಲಾಗದ ಪ್ರಶ್ನೆ. ಇದ್ದರೆ ಅದು 1ರ ಮುಂದೆ 1500 ಸೊನ್ನೆಗಳನ್ನು ಬರೆದ ಸಂಖ್ಯೆಗಿಂತ ದೊಡ್ಡದಾಗಿರಬೇಕೆಂದು ಓಶೆಮ್ ಮತ್ತು ರಾವ್ ಎಂಬ ಗಣಿತಜ್ಞರು 2012ರಲ್ಲಿ ಸಾಧಿಸಿದ್ದಾರೆ. ನಮ್ಮ ಸಂಖ್ಯೆಯಂತಹ ಬೆಸ ವರ್ಗಗಳ ಮಟ್ಟಿಗಾದರೋ ಉತ್ತರ ಸಂಪೂರ್ಣವಾಗಿ ತಿಳಿದಿದೆ, ಸಾಧನೆಯೂ ಚಿಕ್ಕದು. ಬೆಸ ವರ್ಗಕ್ಕೆ ಭಾಜಕಗಳೆಲ್ಲವೂ ಬೆಸ, ಅವುಗಳ ಎಣಿಕೆಯೂ ಬೆಸ. ಬೆಸ ಸಂಖ್ಯೆಗಳನ್ನು ಬೆಸ ಬಾರಿ ಕೂಡಿದರೆ ಮೊತ್ತ ಬೆಸವೇ ಆಗುತ್ತದೆ. ಪರಿಪೂರ್ಣ ಸಂಖ್ಯೆಗೆ ಆ ಮೊತ್ತ ಸಂಖ್ಯೆಯ ಎರಡರಷ್ಟು, ಅಂದರೆ ಸಮ, ಆಗಿರಬೇಕು. ಆದ್ದರಿಂದ ಯಾವ ಬೆಸ ವರ್ಗವೂ ಎಂದಿಗೂ ಪರಿಪೂರ್ಣವಾಗಲಾರದು. ನಮ್ಮ 25375524993 ಕೂಡ ಬೆಸವಾಗಿರುವುದನ್ನು ಗಮನಿಸಬಹುದು.

ನಮ್ಮ ಸಂಖ್ಯೆ ಸೇರದ ಗುಂಪುಗಳನ್ನೂ ಬೇಗ ನೋಡಿಬಿಡೋಣ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳಿಗೆ ಮಹಾರಾಷ್ಟ್ರದ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ ಹರ್ಷದ ಸಂಖ್ಯೆಗಳೆಂದು ಹೆಸರಿಟ್ಟರು. ಇಲ್ಲಿ ಅಂಕಿಗಳ ಮೊತ್ತ 36, ಸಂಖ್ಯೆ ಬೆಸ. ಬೆಸ ಸಂಖ್ಯೆಯನ್ನು ಸಮ ಸಂಖ್ಯೆ ಭಾಗಿಸಲಾರದಾದ್ದರಿಂದ ಇದು ಹರ್ಷದವಲ್ಲ. ಕಾಳುಗಳನ್ನು 1, 2, 3 ಎಂದು ಸಾಲುಸಾಲಾಗಿ ಇಟ್ಟು ತ್ರಿಕೋನವಾಗಿ ಜೋಡಿಸಬಹುದಾದ ಸಂಖ್ಯೆಗಳು ತ್ರಿಕೋನ ಸಂಖ್ಯೆಗಳು. ಒಂದು ವರ್ಗ ತ್ರಿಕೋನವೂ ಆಗಬೇಕಾದರೆ ಅದರ ಎಂಟರಷ್ಟಕ್ಕೆ ಒಂದು ಕೂಡಿಸಿದಾಗ ಮತ್ತೆ ವರ್ಗ ಬರಬೇಕು. ಏಳನೆಯ ಶತಮಾನದಲ್ಲಿ ಬ್ರಹ್ಮಗುಪ್ತರು ಪರಿಶೀಲಿಸಿದ ವರ್ಗಪ್ರಕೃತಿ ಸಮೀಕರಣಗಳ ಜಾತಿಗೆ ಸೇರಿದ್ದು ಇದು. ಇದಕ್ಕೆ ಒಪ್ಪುವ ವರ್ಗಮೂಲಗಳು 1, 6, 35, 204, 1189, 6930, 40391, 235416 ಎಂದು ಮುಂದುವರಿಯುತ್ತವೆ. ಪ್ರತಿಯೊಂದೂ ಹಿಂದಿನದರ ಆರರಷ್ಟರಿಂದ ಅದರ ಹಿಂದಿನದನ್ನು ಕಳೆದದ್ದು. 111111 ಕೊನೆಯ ಎರಡರ ನಡುವೆ ಬೀಳುವುದರಿಂದ 12345654321 ತ್ರಿಕೋನ ಸಂಖ್ಯೆಯಲ್ಲ.

ಕೊನೆಯದಾಗಿ, ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ ಎಂಬ ಪ್ರಶ್ನೆ ಮಹಾವೀರಾಚಾರ್ಯರ ಇನ್ನೊಂದು ಅಧ್ಯಾಯಕ್ಕೆ ಕರೆದೊಯ್ಯುತ್ತದೆ. ಕ್ಷೇತ್ರಗಣಿತದ ಭಾಗದಲ್ಲಿ ಅವರು ಎರಡು ‘ಬೀಜ’ ಸಂಖ್ಯೆಗಳಿಂದ ಲಂಬಕೋನ ಆಕೃತಿಗಳನ್ನು ಹುಟ್ಟಿಸುವ ವಿಧಾನವನ್ನು ಹೇಳುತ್ತಾರೆ, ಹಾಗೆ ಹುಟ್ಟಿದ್ದು ‘ಜನ್ಯ’. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. ಲಂಬಕೋನ ತ್ರಿಕೋನದಲ್ಲಿ ಎರಡು ಬಾಹುಗಳ ವರ್ಗಗಳು ಸೇರಿ ಕರ್ಣದ ವರ್ಗವಾಗುವುದರಿಂದ, ಕರ್ಣ 111111 ಆಗುವ ತ್ರಿಕೋನ ಸಿಕ್ಕರೆ ನಮ್ಮ ಸಂಖ್ಯೆ ಎರಡು ವರ್ಗಗಳ ಮೊತ್ತವಾಗುತ್ತದೆ. ನಮ್ಮ ಐದು ಅವಿಭಾಜ್ಯಗಳಲ್ಲಿ ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವವು 13 ಮತ್ತು 37 ಮಾತ್ರ. ಎರಡು ವರ್ಗಗಳಾಗಿ ಒಡೆಯುವ ಶಕ್ತಿ ಇರುವುದು ಅಂಥವುಗಳಿಗೆ. ಅವೆರಡರ ಗುಣಲಬ್ಧ 481. 20 ಮತ್ತು 9 ಎಂಬ ಬೀಜಗಳಿಂದ 319, 360, 481 ಎಂಬ ತ್ರಿಕೋನ ಹುಟ್ಟುತ್ತದೆ. 16 ಮತ್ತು 15ರಿಂದ 31, 480, 481. ಉಳಿದ 3, 7, 11ರ ಗುಣಲಬ್ಧವಾದ 231ರಿಂದ ಇವುಗಳನ್ನು ಹಿಗ್ಗಿಸಿದರೆ ಕರ್ಣ 111111 ಆಗುವ ಎರಡು ತ್ರಿಕೋನಗಳು ಸಿಗುತ್ತವೆ, ಮೊದಲನೆಯದರ ಬಾಹುಗಳು 73689 ಮತ್ತು 83160, ಎರಡನೆಯದರವು 7161 ಮತ್ತು 110880. 5, 12, 13ನ್ನು ಹಿಗ್ಗಿಸಿದರೆ 42735 ಮತ್ತು 102564 ಎಂಬ ಬಾಹುಗಳುಳ್ಳ ಮೂರನೆಯದು ಬರುತ್ತದೆ. ನಾಲ್ಕನೆಯದು 12, 35, 37 ಎಂಬ ತ್ರಿಕೋನದಿಂದ ಬರುತ್ತದೆ, ಅದನ್ನು ಹಿಗ್ಗಿಸಬೇಕಾದದ್ದು ಮತ್ತೆ 3003ರಿಂದ: ಬಾಹುಗಳು 36036 ಮತ್ತು 105105, ಕರ್ಣ 111111.